ನೀರಿನ ಬಣ್ಣ

ಯಜಮಾನರ ಸೋಮವಾರದ ಉಪವಾಸಕ್ಕೆಂದು ಶೇಂಗಾ ಹುರಿಯುತ್ತಿದ್ದೆ. ಉಮರ್ಗಾ ಪೇಟೆಗೆ ಹೋಗಿ ಬಂದ ನೆರೆಯಾಕೆ ಬಾಗಿಲಲ್ಲೇ ನಿಂತು ಹೇಳಿದಳು: "ನಮ್ಮ ಸಿಸ್ಟರ್‌ಬಾಯಿ ತೀರಿಕೊಂಡ್ಳಂತವ್ವಾ. ಆಕಿಗೂ ಅದೇ ಟೀಬಿ."

ವರ್ಷಗಳ ಹಿಂದೆ ಭೂಕಂಪದಲ್ಲಿ ಮನೆ ಬಿದ್ದು ನಾವು ತಗಡಿನ ಶೆಡ್ಡಿನಲ್ಲಿದ್ದಾಗ ಯಜಮಾನರಿಗೆ ಕ್ಷಯ ಹತ್ತಿತ್ತು. ಗುಳಿಗೆ ಕೊಡಲು ಬರುತ್ತಿದ್ದ ನರ್ಸ್ ಈ ಸಿಸ್ಟರ್‌ಬಾಯಿಯೇ. ಆಕೆ ಹೊಸ್ತಿಲಲ್ಲೇ ಕೇಳುತ್ತಿದ್ದಳು: "ನೀರಿನ ಬಣ್ಣ ಏನದ?" ಆ ಗುಳಿಗೆ ಹೊಟ್ಟೆಗೆ ಹೋದರೆ ಮೂತ್ರ ಕೆಂಪಾಗುತ್ತದೆ.

ಒಂದು ಸೋಮವಾರ ಯಜಮಾನರು, "ನುಂಗೀನವ್ವಾ" ಅಂದರು. ಆಕೆ ನನ್ನತ್ತ ತಿರುಗಿದಳು. ಯಜಮಾನರು ಕಣ್ಣು ಕೆಕ್ಕರಿಸಿದರು. ದೇವರೇ ನನ್ನ ಬಾಯಿ ಬಿಡಿಸಿದ: "ಬೆಳ್ಳಗದರೀ ಸಿಸ್ಟರ್. ಉಪಾಸ ಕೆಡ್ತದಂತ ಸೋಮವಾರ ನುಂಗೂದಿಲ್ರೀ."

ಆಕೆ ಬೈಯಲಿಲ್ಲ. ಗುಳಿಗೆ ಅವರ ಅಂಗೈಯಲ್ಲಿಟ್ಟು ನೀರು ಕೊಟ್ಟಳು. "ಈ ಗುಳಗಿಗಿ ಖಾಲಿ ಹೊಟ್ಟೀನೇ ಚಲೋ, ಕಾಕಾ. ನಡುವ ಬಿಟ್ರ ಈ ಬ್ಯಾನಿ ಮುಂದ ಔಷಧಕ್ಕ ಬಗ್ಗಂಗಿಲ್ಲ. ಶಿವ ಕೇಳಿದ್ರ ನನ್ನ ಹೆಸರು ಹೇಳ್ರಿ."

"ಶಿವಗ ನಿನ್ನ ಗುರ್ತು ಅದ ಏನು?" ಅಂತ ಗೊಣಗುತ್ತಲೇ ನುಂಗಿದರು.

"ನಾಲಿಗಿ ಎತ್ರಿ," ಅಂದಳು. ಅಡಿಯಲ್ಲಿ ಗುಳಿಗೆ ಉಳಿದಿಲ್ಲವೆಂದು ನೋಡಿದ ಮೇಲೆ ಅತ್ತ ತಿರುಗಿ ಸೆರಗಿನಲ್ಲಿ ಕೆಮ್ಮಿದಳು. ಧೂಳಿಗೆ ಅಂದುಕೊಂಡೆ.

ಒಲೆಯ ಮೇಲೆ ಶೇಂಗಾ ಸೀಯುತ್ತಿತ್ತು. ಬಚ್ಚಲಲ್ಲಿ ಯಜಮಾನರು ಗಟ್ಟಿಯಾಗಿ ಶಿವನಾಮ ಹೇಳುತ್ತಿದ್ದರು. ಆ ದನಿಯಲ್ಲಿ ಕೆಮ್ಮಿರಲಿಲ್ಲ. ಬಾಣಲೆ ಕೆಳಗಿಳಿಸಿ ಶೇಂಗಾದ ಸಿಪ್ಪೆ ಉಜ್ಜತೊಡಗಿದೆ.