ಮಂಜಿನ ಕಡಲಿಗೆ ಬಿದ್ದ ನನ್ನನ್ನು ಎತ್ತಿದವರು

1999ರ ಮಾತು. ಚಳಿಗಾಲ ಆಗತಾನೇ ಶುರುವಾಗಿತ್ತು. ನಾನಾಗ ರಷ್ಯಾದ ಪೂರ್ವ ತುದಿಯ ಸಮುದ್ರದಲ್ಲಿ ಒಂದು ಹಡಗಿನ ಖಲಾಸಿ. ಅಫಜಲಪುರದವನು ಅಷ್ಟು ದೂರ ಹೇಗೆ ಹೋದೆ ಎಂದು ಈಗಲೂ ಕೇಳುವವರಿದ್ದಾರೆ. ಶಾಲೆ ಮುಗಿಸಿ ಮುಂಬೈಯ ಬಂದರಿನಲ್ಲಿ ಕೆಲಸಕ್ಕಿದ್ದ ಸೋದರಮಾವನ ಹತ್ತಿರ ಹೋಗಿದ್ದೆ. ಅವರು ಒಂದು ಹಡಗಿನ ಕಂಪನಿಗೆ ಸೇರಿಸಿದರು. ಮುಂಬೈ ಕಡಲಿನ ಎಣ್ಣೆ ಬಾವಿಗಳಿಗೆ ಸಾಮಾನು ಒಯ್ಯುವ ಹಡಗುಗಳಲ್ಲಿ ಕೆಲವು ವರ್ಷ ದುಡಿದೆ. ಆಮೇಲೆ ಕಂಪನಿಯವರೇ ಆ ಚಳಿಯ ನಾಡಿಗೆ ಕಳಿಸಿದರು.

ಅಲ್ಲಿ ಸಮುದ್ರದ ನಡುವೆ ಕಬ್ಬಿಣದ ದೊಡ್ಡ ಪ್ಲಾಟ್‌ಫಾರ್ಮ್ ನಿಲ್ಲಿಸಿ ಎಣ್ಣೆ ತೆಗೆಯುತ್ತಿದ್ದರು. ಚಳಿಗಾಲ ಬಂತೆಂದರೆ ಸುತ್ತಲ ನೀರೆಲ್ಲ ಹೆಪ್ಪುಗಟ್ಟುತ್ತಿತ್ತು. ನಮ್ಮ ಹಡಗು ಆ ಬರ್ಫ್ ಒಡೆದು ದಾರಿ ಮಾಡಿಕೊಂಡು ಹೋಗಿ, ಮೇಲಿದ್ದವರಿಗೆ ಊಟದ ಸಾಮಾನು, ಡೀಸೆಲ್, ಸಿಮೆಂಟು, ಕುಡಿಯುವ ನೀರು ಮುಟ್ಟಿಸಬೇಕು. ತೇಲಿ ಬರುವ ಬರ್ಫಿನ ತುಂಡುಗಳನ್ನು ದೂರ ತಳ್ಳುವ ಕೆಲಸವೂ ನಮ್ಮದೇ. ಮೊದಮೊದಲು ನೀರಿನ ಮೇಲೆ ದುಂಡನೆಯ ಬಿಳಿ ಬಿಲ್ಲೆಗಳು ತೇಲುತ್ತವೆ. ಯಾರೋ ಸಮುದ್ರದ ತುಂಬ ಜೋಳದ ರೊಟ್ಟಿ ಹರವಿದ ಹಾಗೆ ಕಾಣುತ್ತಿತ್ತು.

ನಮ್ಮ ಖಲಾಸಿಗಳ ಮೇಲಿನವರು ನಿಕೊಲಾಯ್ ಎಂಬ ರಷ್ಯಾದ ಮನುಷ್ಯ. ಐವತ್ತರ ಆಸುಪಾಸಿನ ವಯಸ್ಸು, ದೊಡ್ಡ ಮೈ. ಮಾತು ಬಹಳ ಕಡಿಮೆ. ನನಗೂ ಅವರಿಗೂ ನಡುವೆ ಇದ್ದದ್ದು ಹರಕುಮುರುಕು ಇಂಗ್ಲಿಷ್ ಮಾತ್ರ.

ಆ ದಿನ ಮಧ್ಯಾಹ್ನ ಪ್ಲಾಟ್‌ಫಾರ್ಮಿನ ಪಕ್ಕ ನಿಂತು ಡೀಸೆಲ್ ಏರಿಸುತ್ತಿದ್ದೆವು. ನಾನು ಹಡಗಿನ ಹಿಂಭಾಗದಲ್ಲಿ ಪೈಪಿನ ಹತ್ತಿರ ನಿಂತಿದ್ದೆ. ಆ ಭಾಗ ನೀರಿಗೆ ಬಹಳ ತಗ್ಗು. ಪ್ಲಾಟ್‌ಫಾರ್ಮಿನ ಮೇಲಿದ್ದ ಕ್ರೇನು ಆಗಷ್ಟೇ ಬುಟ್ಟಿಯಲ್ಲಿ ಒಬ್ಬ ಕೆಲಸಗಾರನನ್ನು ನಮ್ಮ ಹಡಗಿಗೆ ಇಳಿಸಿತ್ತು. ಅದು ಹಗ್ಗದ ಬಲೆ ಕಟ್ಟಿದ, ಆಳು ನಿಲ್ಲುವಂಥ ಬುಟ್ಟಿ. ಅಷ್ಟರಲ್ಲಿ ದೊಡ್ಡದೊಂದು ಬರ್ಫಿನ ಹಾಸು ಹಡಗಿಗೆ ಗುದ್ದಿತು. ಹಡಗು ವಾಲಿತು, ಅಲೆ ಡೆಕ್ಕಿನ ಮೇಲೆ ಹರಿಯಿತು. ಮೊದಲೇ ನೆಲ ಬರ್ಫ್ ಕಟ್ಟಿ ಗಾಜಿನಂತಾಗಿತ್ತು. ನನ್ನ ಕಾಲು ಜಾರಿದ್ದು ಗೊತ್ತು. ಆಮೇಲೆ ಗೊತ್ತಾದದ್ದು ನಾನು ಸಮುದ್ರದಲ್ಲಿದ್ದೇನೆ ಅನ್ನುವುದೇ.

ಭೀಮಾ ನದಿಯಲ್ಲಿ ಈಜು ಕಲಿತವನು ನಾನು, ಮಳೆಗಾಲದ ಹೊಳೆಯನ್ನೂ ದಾಟಿದ್ದೆ. ಆದರೆ ಆ ನೀರಿನಲ್ಲಿ ಈಜು ಏನೂ ನಡೆಯಲಿಲ್ಲ. ಎದೆಯ ಮೇಲೆ ಬಂಡೆ ಇಟ್ಟ ಹಾಗೆ ಉಸಿರು ನಿಂತಿತು. ಕೈ ಎತ್ತಬೇಕೆಂದರೆ ಕೈ ನನ್ನದಲ್ಲ. ಲೈಫ್ ಜಾಕೆಟ್ ಇದ್ದುದರಿಂದ ತೇಲುತ್ತಿದ್ದೆ, ಅಷ್ಟೇ. ಹಡಗಿನ ಅಡಿಯಲ್ಲಿ ತಿರುಗುವ ಪಂಖಗಳ ಸೆಳೆತ ಕಾಲನ್ನು ಎಳೆಯುತ್ತಿತ್ತು. ಅವುಗಳಿಗೆ ಸಿಕ್ಕರೆ ಮುಗಿಯಿತು ಎಂಬುದು ಪ್ರತಿ ಖಲಾಸಿಗೂ ಗೊತ್ತು.

ಆಗ ಸೆಳೆತ ನಿಂತಿತು. ಕಪ್ತಾನರು ಎಂಜಿನು ನಿಲ್ಲಿಸಿದ್ದರು. ಹಾಗೆ ನಿಲ್ಲಿಸಿದರೆ ಹಡಗು ತೇಲಿ ಹೋಗಿ ಪ್ಲಾಟ್‌ಫಾರ್ಮಿಗೆ ಬಡಿಯುವ ಭಯವಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಯಾರೋ ಹಗ್ಗ ಎಸೆದರು. ಅದು ಮುಖಕ್ಕೇ ತಾಗಿತು. ಬೆರಳು ಮಡಚಲು ಬರಲಿಲ್ಲ. ಹಗ್ಗ ಜಾರಿ ಹೋಯಿತು.

ಕ್ರೇನಿನವರು ಖಾಲಿ ಬುಟ್ಟಿಯನ್ನು ಡೆಕ್ಕಿನಿಂದ ಎತ್ತಿ ನನ್ನ ಕಡೆ ತಿರುಗಿಸಿದರು. ಅದು ಡೆಕ್ಕಿನ ಅಂಚು ದಾಟುವಾಗ ನಿಕೊಲಾಯ್ ಓಡಿ ಬಂದು ಅದರೊಳಗೆ ಜಿಗಿದರು. ಮೈಗೆ ಹಗ್ಗವಿಲ್ಲ, ಏನಿಲ್ಲ. ಬುಟ್ಟಿ ಅವರ ಸೊಂಟ ಮುಳುಗುವಷ್ಟು ನೀರಿಗಿಳಿಯಿತು. ಅವರು ಒಂದು ಕೈಯಲ್ಲಿ ಬಲೆ ಹಿಡಿದು, ಇನ್ನೊಂದು ಕೈಯಿಂದ ನನ್ನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದರು. ಎಳೆದು ಒಳಗೆ ಹಾಕಿಕೊಂಡು ನನ್ನ ಮೇಲೆಯೇ ಬಿದ್ದರು, ನಾನು ಮತ್ತೆ ಜಾರಬಾರದೆಂದು. ಬುಟ್ಟಿ ಮೇಲೇರಿತು. ಅವರು ಕಿವಿಯ ಹತ್ತಿರ ರಷ್ಯನ್ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದರು. ಒಂದು ಅಕ್ಷರವೂ ತಿಳಿಯಲಿಲ್ಲ. ಆದರೆ ಕೇಳುತ್ತಿರಬೇಕು ಅನಿಸುತ್ತಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಡಾಕ್ಟರರಿದ್ದರು. ಒದ್ದೆ ಬಟ್ಟೆ ಬಿಚ್ಚಿಸಿ ಕಂಬಳಿ ಸುತ್ತಿ ಮಲಗಿಸಿದರು. ಎಚ್ಚರವಾದಾಗ ನಿಕೊಲಾಯ್ ಪಕ್ಕದ ಮಂಚದಲ್ಲಿ ಕಂಬಳಿ ಹೊದ್ದು ಚಹಾ ಕುಡಿಯುತ್ತಿದ್ದರು.

"ನೀನು ಒಂದೇ ಸಮನೆ ಯವ್ವಾ, ಯವ್ವಾ ಅಂತಿದ್ದೆ. ಯಾರು ಯವ್ವಾ? ಹೆಂಡತಿಯಾ?" ಎಂದು ಕೇಳಿದರು.

"ಅಲ್ಲ, ತಾಯಿ" ಎಂದೆ.

ಅವರು ಚಹಾದ ಲೋಟ ಕೆಳಗಿಟ್ಟು ಎದ್ದು ಹೋದರು. ಮರುದಿನ ಕಪ್ತಾನರನ್ನು ಕೇಳಿ, ನಾನು ಊರಿಗೆ ಫೋನು ಮಾಡುವ ವ್ಯವಸ್ಥೆ ಮಾಡಿಸಿದ್ದರು. ಅಫಜಲಪುರದ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಫೋನಿತ್ತು. ಅಂಗಡಿಯವರು ಯವ್ವನನ್ನು ಕರೆಸಿದರು.

"ಯಾಕೋ ಯಪ್ಪಾ, ದನಿ ಹಿಂಗ್ಯಾಕ ಆಗ್ಯಾದ?"

"ನೆಗಡಿ ಆಗ್ಯಾದ ಬೇ. ಆರಾಮ ಇದ್ದೇನಿ."

"ಥಂಡಿ ಭಾಳ ಅದೇನು? ತಲಿಗಿ ಕಟ್ಕೋತಿಯೋ ಇಲ್ಲೋ?"

ಕಟ್ಕೋತೇನಿ ಎಂದೆ. ಪಕ್ಕದಲ್ಲೇ ನಿಂತಿದ್ದ ನಿಕೊಲಾಯ್ ನನ್ನ ಕೈಯಿಂದ ಫೋನು ತೆಗೆದುಕೊಂಡು "ಯವ್ವಾ!" ಎಂದು ಗಟ್ಟಿಯಾಗಿ ಕರೆದು, ಮುಂದಿನದೆಲ್ಲ ರಷ್ಯನ್ನಿನಲ್ಲೇ ಹೇಳಿದರು. ಆ ಕಡೆಯಿಂದ ಯವ್ವ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಇಬ್ಬರೂ ನಿಲ್ಲಿಸಲೇ ಇಲ್ಲ. ಫೋನು ನನ್ನ ಕೈಗೆ ಬಂದಾಗ ಯವ್ವ ಕೇಳಿದಳು, "ಯಾರ್ ಅವರು? ಭಾಳ ಮಾತಾಡ್ತಾರಲ್ಲ! ಅವರ್ದೂ ಊಟ ಆಗ್ಯಾದೇನು ಕೇಳು."

ನಿಜ ಸಂಗತಿ ಅವಳಿಗೆ ಹೇಳಿದ್ದು ರಜೆಗೆ ಊರಿಗೆ ಹೋದಾಗ, ಅಡುಗೆಮನೆಯಲ್ಲಿ ಎದುರಿಗೆ ಕೂತು. ಅವಳು ನನ್ನ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಅಳಲಿಲ್ಲ. "ಹೊಳ್ಳಿ ಹೋಗಾಗ ಅವರಿಗಿ ರೊಟ್ಟಿ ಒಯ್ಯಿ" ಎಂದಷ್ಟೇ ಹೇಳಿ ಎದ್ದಳು. ನಾನು ಹೊರಡುವ ದಿನ ಒಣಗಿಸಿದ ಕಟಕ ರೊಟ್ಟಿಯ ದೊಡ್ಡ ಗಂಟು, ಜೊತೆಗೆ ನಂಜಿಕೊಳ್ಳಲು ಖಾರದ ಶೇಂಗಾ ಹಿಂಡಿ ಸಿದ್ಧವಾಗಿದ್ದವು.

ನಿಕೊಲಾಯ್ ಅದೇ ಹಡಗಿನಲ್ಲಿದ್ದರು. ಮೊದಲ ತುತ್ತಿಗೇ ಖಾರ ಹತ್ತಿ ಕಣ್ಣು ಮೂಗಿನಿಂದ ನೀರು ಸುರಿಯಿತು. ಆದರೂ ಬಿಡದೆ ರೊಟ್ಟಿ ಮುರಿಯುತ್ತ ತಿಂದರು. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಆಗ ಕೇಳಿದೆ. "ನೀವೂ ಸಾಯುತ್ತಿದ್ದಿರಿ. ಯಾಕೆ ಜಿಗಿದಿರಿ?"

ಪ್ರಶ್ನೆಯೇ ವಿಚಿತ್ರ ಎನ್ನುವಂತೆ ನನ್ನ ಮುಖ ನೋಡಿದರು. "ಬುಟ್ಟಿ ಹೋಗುತ್ತಿತ್ತು. ಖಾಲಿ ಇತ್ತು. ನಿನ್ನ ಕೈ ನಡೆಯುತ್ತಿರಲಿಲ್ಲ" ಎಂದು ಹೇಳಿ ಇನ್ನೊಂದು ರೊಟ್ಟಿಗೆ ಕೈ ಹಾಕಿದರು.

ಮುಂದಿನ ವರ್ಷ ಅವರು ಬೇರೆ ಹಡಗಿಗೆ ಹೋದರು. ಮತ್ತೆ ಭೇಟಿಯಾಗಲಿಲ್ಲ. ಕ್ರೇನು ನಡೆಸಿದವರ ಮುಖವನ್ನಂತೂ ನಾನು ನೋಡಲೇ ಇಲ್ಲ. ಈಗ ಜೇವರ್ಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನಾಡು ಬೇರೆ, ನುಡಿ ಬೇರೆ. ನನ್ನ ಪೂರ್ತಿ ಹೆಸರೂ ಅವರಿಗೆ ಉಚ್ಚರಿಸಲು ಬರುತ್ತಿರಲಿಲ್ಲ. ಆದರೂ ಅವರಿಂದಲೇ ನಾನು ಮದುವೆಯಾದೆ, ಮಕ್ಕಳ ಮುಖ ನೋಡಿದೆ.

ಯವ್ವ ಇರುವ ತನಕ ಮುಂಜಾನೆ ಲಿಂಗಪೂಜೆ ಮುಗಿಸಿ, ಮನೆಯವರ ಹೆಸರನ್ನೆಲ್ಲ ಹೇಳಿ, ಕಡೆಗೆ "ಆ ಬರ್ಫಿನ ದೇಶದಾಗ ಇರೋ ನನ್ನ ಮಗನ್ನೂ ಛಲೋ ಇಡಪಾ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಆ ಮಾತನ್ನು ನಾನು ಹೇಳುತ್ತೇನೆ. ಮಗ ಎನ್ನುವಲ್ಲಿ ಅಣ್ಣ ಎನ್ನುತ್ತೇನೆ.