ಆಂಟೆನಾ ಕಟ್ಟಿದ ಕಬ್ಬಿಣದ ಪೈಪು

೨೦೦೬ರಲ್ಲಿ ನಾನು ಪುಣೆಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಜೋಡಿಸುವ ಸ್ವಂತ ವ್ಯವಹಾರ ನಡೆಸುತ್ತಿದ್ದೆ. ತೊಂಬತ್ತರ ದಶಕವೆಲ್ಲ ಕಚೇರಿಗಳ ಫಾಲ್ಸ್ ಸೀಲಿಂಗಿನೊಳಗೆ ತಲೆ ತೂರಿಸಿ ಕೇಬಲ್ ಎಳೆಯುವುದರಲ್ಲೇ ಕಳೆದಿತ್ತು. ವೈರ್‌ಲೆಸ್ ಬಂದ ಮೇಲೆ ಮನೆಗಳವರೂ ಕರೆಯತೊಡಗಿದರು. ನನಗೆ ಮನೆಗಳ ಕೆಲಸವೆಂದರೆ ಅಷ್ಟಕ್ಕಷ್ಟೇ. ಕಚೇರಿಯಲ್ಲಿ ಒಬ್ಬ ಮ್ಯಾನೇಜರ್ ತಲೆ ತಿಂದರೆ, ಮನೆಯಲ್ಲಿ ಮನೆಮಂದಿಯೆಲ್ಲ ಸರದಿಯಲ್ಲಿ ತಿನ್ನುತ್ತಾರೆ. ಅಂಥದೇ ಒಂದು ಮನೆಗೆ ಇಂಟರ್ನೆಟ್ ರಿಪೇರಿಗೆಂದು ಹೋದವನು ಒಂದು ಜೀವ ಕಣ್ಣೆದುರೇ ಹೋಗಲಿದ್ದುದನ್ನು ನೋಡಿಬಂದೆ.

ಅದು ಮಾರ್ಕೆಟ್ ಯಾರ್ಡಿನ ಹಿಂಬದಿಯ ಒಂದು ಹಳೆಯ ಹೌಸಿಂಗ್ ಸೊಸೈಟಿ. ಧಾರವಾಡದ ಕಡೆಯ ಇಬ್ಬರು ಅಣ್ಣತಮ್ಮಂದಿರು ಅಕ್ಕಪಕ್ಕದ ಎರಡು ಕಟ್ಟಡಗಳಲ್ಲಿದ್ದರು. ಬ್ರಾಡ್‌ಬ್ಯಾಂಡ್ ಇದ್ದದ್ದು ಅಣ್ಣನ ಮನೆಯಲ್ಲಿ, ಬೇಕಾಗಿದ್ದದ್ದು ತಮ್ಮ ಗುರುರಾಜರ ಹೆಂಡತಿ ಸುಜಾತಾರಿಗೆ. ಅವರಿದ್ದ ಕಟ್ಟಡಕ್ಕೆ ಇನ್ನೂ ಲೈನ್ ಬಂದಿರಲಿಲ್ಲ. ಸುಜಾತಾ ಮನೆಯಲ್ಲೇ ಕೂತು ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಮಾಡುತ್ತಿದ್ದರು. ಅಮೆರಿಕದ ಡಾಕ್ಟರುಗಳು ಬಾಯಲ್ಲಿ ಹೇಳಿ ಕಳಿಸಿದ ರೋಗಿಗಳ ವಿವರವನ್ನು ಕೇಳಿ, ಟೈಪು ಮಾಡಿ, ಬೆಳಿಗ್ಗೆ ವಾಪಸು ಕಳಿಸುವ ಕೆಲಸ ಅದು.

ಅಣ್ಣನ ಮನೆಯ ರೌಟರಿನ ಸಿಗ್ನಲ್ ಎರಡು ಗೋಡೆ ದಾಟಿ ಇವರ ಕಿಟಕಿಗೆ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು. ಹಾಗಾಗಿ ಎರಡೂ ತಾರಸಿಗಳ ಮೇಲೆ ಒಂದೊಂದು ಆಂಟೆನಾ ಎದುರುಬದುರಾಗಿ ನಿಲ್ಲಿಸಿ, ಅಲ್ಲಿಂದ ಮನೆಯೊಳಕ್ಕೆ ಕೇಬಲ್ ಇಳಿಸಿದೆವು. ನಮ್ಮ ಭಾಷೆಯಲ್ಲಿ ಇದಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಮಳೆಗಾಳಿಗೆ ತಡೆಯಲೆಂದು ಒಳಗೆ ಲೋಹದ ಹೊದಿಕೆಯಿರುವ ಕೇಬಲ್ ಹಾಕಿದ್ದೆ. ಗುರುರಾಜರ ತಾರಸಿಯಲ್ಲಿ ಕಂಬ ನೆಡಲು ಸೊಸೈಟಿಯವರು ಒಪ್ಪದ್ದರಿಂದ, ನೀರಿನ ಟಾಕಿಯಿಂದ ಮನೆಗಳಿಗೆ ಇಳಿಯುವ ಕಬ್ಬಿಣದ ಪೈಪಿಗೇ ಆಂಟೆನಾವನ್ನು ಬಿಗಿದಿದ್ದೆವು. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಒಂದು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಸುಜಾತಾರ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಸುಟ್ಟಿತು. ಬದಲಿಸಿದೆ. ಅದೂ ಸುಟ್ಟಿತು. ಕಾರ್ಡ್ ಮಾರಿದವನಿಗೆ ಫೋನಿನಲ್ಲೇ ಮಂಗಳಾರತಿ ಮಾಡಿ ಬೇರೆ ಕಂಪನಿಯದು ಹಾಕಿದರೆ ಅದೂ ಕರಕಲು. ಮೂರೂ ಸುಟ್ಟದ್ದು ನಸುಕಿನಲ್ಲಿ. ಫೈಲು ತಡವಾದರೆ ಕೆಲಸ ಹೋಗುತ್ತದೆಂದು ಸುಜಾತಾ ಅಳುವುದೊಂದು ಬಾಕಿಯಿತ್ತು.

ಮೂರನೆಯ ಸಲ ಹೋದಾಗ ಗುರುರಾಜರ ತಾಯಿ ಪದ್ಮಾಬಾಯಿ ಚಹಾ ತಂದುಕೊಟ್ಟರು. ಎಪ್ಪತ್ತು ದಾಟಿದ ಹೆಣ್ಣುಮಗಳು, ಮಾತು ಕಡಿಮೆ. "ತಮ್ಮಾ, ನೀ ಕರೆಂಟಿನ ಕೆಲಸ ಮಾಡಾಂವ ಅಲ್ಲೇನು? ನಮ್ಮ ಬಚ್ಚಲಮನಿ ನಳಾ ಮುಟ್ಟಿದ್ರ ಕೈ ಝುಂ ಅಂತದ ನೋಡು" ಎಂದರು.

ಗುರುರಾಜ ನಕ್ಕುಬಿಟ್ಟರು. "ಅವ್ವಗ ಸಕ್ಕರಿ ಕಾಯಿಲೆ ಅದರೀ. ನರ ಹಂಗ ಆಗತಾವಂತ ಡಾಕ್ಟರು ಗುಳಿಗಿ ಕೊಟ್ಟಾರ. ನಾನೂ ನಳಾ ಮುಟ್ಟೇನಿ, ಟೆಸ್ಟರೂ ಹಚ್ಚಿ ನೋಡೇನಿ. ಏನಿಲ್ರೀ."

ಮುದುಕಿ ಲೋಟ ತೆಗೆದುಕೊಂಡು ಒಳಗೆ ಹೋದರು. ಟೆಸ್ಟರ್ ಹಚ್ಚಿ ನೋಡಿದ ಮೇಲೆ ನನಗೂ ಕೇಳುವುದೇನೂ ಉಳಿದಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಕಾರ್ಡು. ಅದು ಸುಡುವ ಹೊತ್ತಿಗೇ ಬಂದು ಎದುರಿಗೆ ಕೂರುತ್ತೇನೆ ಎಂದು ಹಟ ಹಿಡಿದು, ಮರುದಿನ ಐದಕ್ಕೇ ಅವರ ಮನೆಯ ಬೆಲ್ ಒತ್ತಿದೆ.

ಕಂಪ್ಯೂಟರಿನ ಹಿಂದಿನಿಂದ ಕೇಬಲ್ ಬಿಚ್ಚಿ, ಅದರ ಲೋಹದ ಹೊದಿಕೆಗೂ ಗೋಡೆಯ ಪ್ಲಗ್ಗಿನ ಅರ್ಥಿಂಗಿಗೂ ಮಲ್ಟಿಮೀಟರ್ ಹಿಡಿದೆ. ನೆಟ್‌ವರ್ಕ್ ಕೇಬಲ್ಲಿನ ಹೊದಿಕೆಯಲ್ಲಿ ವೋಲ್ಟೇಜೇ ಇರಬಾರದು. ಮೀಟರು ನೂರೈವತ್ತರ ಮೇಲೆ ತೋರಿಸಿತು. ಮೀಟರೇ ಕೆಟ್ಟಿದೆ ಎಂದುಕೊಂಡು ಮತ್ತೊಮ್ಮೆ ಹಿಡಿದೆ. ಅಷ್ಟೇ ತೋರಿಸಿತು.

ಕೇಬಲ್ಲಿಗೆ ಕರೆಂಟು ಬರುವುದಾದರೂ ಎಲ್ಲಿಂದ? ಅದರ ಹೊದಿಕೆ ತಗಲಿರುವುದು ಆಂಟೆನಾಕ್ಕೆ, ಆಂಟೆನಾ ತಗಲಿರುವುದು ನೀರಿನ ಪೈಪಿಗೆ. ಪೈಪು ಇಳಿಯುವುದು ಈ ಮನೆಯ ಬಚ್ಚಲಿಗೆ. ಅಷ್ಟು ಹೊಳೆಯುವುದಕ್ಕೂ ಪದ್ಮಾಬಾಯಿ ಒದ್ದೆ ಮಡಿಸೀರೆ ಸುತ್ತಿಕೊಂಡು, ಬರಿಗಾಲಲ್ಲಿ, ತಾಮ್ರದ ತಂಬಿಗೆ ಹಿಡಿದು ಬಚ್ಚಲ ಬಾಗಿಲು ದಾಟಿ ಒಳಗೆ ಹೋಗುವುದಕ್ಕೂ ಸರಿಹೋಯಿತು.

ಇಷ್ಟು ದಿನ ಪೈಪಿನ ಕರೆಂಟಿನಲ್ಲಿ ಒಂದು ಪಾಲು ನನ್ನ ಕೇಬಲ್ ಹಿಡಿದು, ಕಾರ್ಡನ್ನು ಸುಟ್ಟು, ಅರ್ಥಿಂಗಿಗೆ ಹೋಗುತ್ತಿತ್ತು. ಈಗ ತಾನೇ ನಾನು ಕೇಬಲ್ ಬಿಚ್ಚಿ ಆ ದಾರಿಯನ್ನೂ ಮುಚ್ಚಿದ್ದೆ. ಇನ್ನು ಅದಕ್ಕೆ ನೆಲಕ್ಕಿಳಿಯಲು ಸಿಗುವುದು ಈ ಹೆಂಗಸಿನ ಒದ್ದೆ ಮೈಯೊಂದೇ.

"ಕಾಕೂ, ನಳಾ ಮುಟ್ಟಬ್ಯಾಡ್ರೀ!" ಎಂದು ಕಿರುಚಿ ಓಡಿದೆ.

ಅವರು ನಳದತ್ತ ಚಾಚಿದ್ದ ಕೈಯನ್ನು ನನ್ನತ್ತ ಅಡ್ಡ ಹಿಡಿದು ಹಿಂದೆ ಸರಿದರು. "ದೂರ ನಿಂದರು! ಮುಟ್ಟೀ ಮತ್ತ, ಮಡಿಯೊಳಗ ಇದ್ದೇನಿ!"

ಆ ಮಡಿಯೇ ಅವರ ಕೈಯನ್ನು ನಳದಿಂದ ತಪ್ಪಿಸಿತು. ಅಷ್ಟರಲ್ಲಿ ಸುಜಾತಾ ಓಡಿಬಂದು ಅತ್ತೆಯನ್ನು ಹೊರಗೆಳೆದರು. ಮಡಿ ಕೆಟ್ಟಿತೆಂದು ಪದ್ಮಾಬಾಯಿ ಗೊಣಗುತ್ತಿದ್ದರೆ ನಾನು ಬಾಗಿಲಿಗೆ ಅಡ್ಡ ನಿಂತೆ. ನೀರಿನ ಪೈಪಿಗೆ ಕರೆಂಟು ತಗಲುವ ಜಾಗವೆಂದರೆ ಗೀಝರೊಂದೇ.

"ಈ ಹೊತ್ತಿನ್ಯಾಗ ಯಾರ ಮನ್ಯಾಗ ಗೀಝರ್ ಹಚ್ಚತಾರ್ರೀ?" ಎಂದೆ.

"ಮ್ಯಾಲಿನ ಶೇಠರು ನಸಿಕಿನ್ಯಾಗ ಮಾರ್ಕೆಟ್ ಯಾರ್ಡಿಗೆ ಹೋಗ್ತಾರ್ರೀ. ನಾಕಕ್ಕ ಹಚ್ಚತಾರ, ಹೋಗೂಮುಂದ ಆರಸತಾರ" ಎಂದರು ಸುಜಾತಾ.

ಮೆಟ್ಟಿಲು ಹತ್ತಿ ಬಾಗಿಲು ಬಡಿದು "ಅಹೋ ಶೇಠ್, ಗೀಝರ್ ಬಂದ್ ಕರಾ!" ಎಂದು ಕೂಗಿದೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಶೇಠರು ನನ್ನನ್ನು ಹುಚ್ಚನೆಂದುಕೊಂಡಿರಬೇಕು, ಆದರೂ ಸ್ವಿಚ್ ಆರಿಸಿದರು. ಕೆಳಗೆ ಬಂದು ಅಳೆದರೆ ಮೀಟರಿನಲ್ಲಿ ಸೊನ್ನೆ.

ಮಧ್ಯಾಹ್ನ ಸೊಸೈಟಿಯ ಎಲೆಕ್ಟ್ರಿಷಿಯನ್ ಗೀಝರ್ ಬಿಚ್ಚಿದ. ಒಳಗಿನ ಕಾಯಿಲ್ ಒಡೆದಿತ್ತು, ಅರ್ಥಿಂಗ್ ತಂತಿ ಕಳಚಿ ಬಿದ್ದಿತ್ತು. ಮೊದಲು ಆ ಕಬ್ಬಿಣದ ಪೈಪು ನೆಲದವರೆಗೂ ಇದ್ದುದರಿಂದ ಸೋರಿದ ಕರೆಂಟು ಮಣ್ಣಿಗಿಳಿಯುತ್ತಿತ್ತು. ನಾವು ಆಂಟೆನಾ ಕಟ್ಟಿದ ಒಂದು ವಾರಕ್ಕೆ, ತುಕ್ಕು ಹಿಡಿದ ಕೆಳಗಿನ ತುಂಡನ್ನು ತೆಗೆಸಿ ಸೊಸೈಟಿಯವರು ಪ್ಲಾಸ್ಟಿಕ್ ಪೈಪು ಹಾಕಿಸಿದ ಮೇಲೆ ಮೇಲಿನ ಕಬ್ಬಿಣವೆಲ್ಲ ಬೆಳಗಿನ ಹೊತ್ತು ಕರೆಂಟು ಹರಿಯುವ ತಂತಿಯಾಗಿ ನಿಂತಿತ್ತು. ಶೇಠರ ಬಚ್ಚಲ ನಳಗಳು ಪ್ಲಾಸ್ಟಿಕ್ಕಿನವಾದ್ದರಿಂದ ಅವರಿಗೆ ಗೊತ್ತಾಗಿರಲಿಲ್ಲ. ಗುರುರಾಜ ಮತ್ತು ಸುಜಾತಾ ಸ್ನಾನ ಮಾಡುತ್ತಿದ್ದದ್ದು ಶೇಠರು ಹೋದ ಎಷ್ಟೋ ಹೊತ್ತಿನ ಮೇಲೆ. ಗುರುರಾಜ ಟೆಸ್ಟರ್ ಹಚ್ಚಿದ್ದು ರಜೆಯ ದಿನ ಹತ್ತು ಗಂಟೆಗೆ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು.

ಗುರುರಾಜ ತಾಯಿಯ ಎದುರು ಕೂತು ಕೇಳಿದರು: "ಅವ್ವಾ, ದಿನಾ ಹಂಗ ಆಗತಿದ್ರ ಆ ನಳದ ಗೊಡವಿ ಬಿಡಬೇಕಿಲ್ಲ? ಅಡಗಿಮನಿಯೊಳಗ ಪಿಂಪಿನ್ಯಾಗ ತುಂಬಿಟ್ಟ ನೀರು ಇತ್ತಲ್ಲ."

"ನಾ ಬಿಟ್ರ ಕೂಸು ಮುಟ್ಟತಿತ್ತಲ್ಲೋ" ಎಂದರು ಪದ್ಮಾಬಾಯಿ. ಕೂಸೆಂದರೆ ಸುಜಾತಾರ ಆರು ವರ್ಷದ ಮಗಳು. "ಸಾಲಿ ಬಸ್ಸಿಗೆ ಹೊತ್ತಾತಂತ ಬರಿಗಾಲಲೇ ಬಚ್ಚಲಕ್ಕ ಓಡತದ. ನೀವಂತೂ ನಂಬಲಿಲ್ಲ. ಅದಕ್ಕ ಅದು ಏಳೂದರೊಳಗ ನಾನೇ ಬಕೆಟ್ ತುಂಬಿಸಿ ಇಡತಿದ್ದೆ."

ಸುಜಾತಾ ಅತ್ತೆಯ ಕೈ ಹಿಡಿದುಕೊಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ತಾರಸಿಗೆ ಹೋಗಿ ಆಂಟೆನಾವನ್ನು ಪೈಪಿನಿಂದ ಬಿಚ್ಚುತ್ತ ಕೂತೆ. ಎರಡು ನಟ್ಟು ಬಿಚ್ಚುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಆಮೇಲಿನ ವರ್ಷಗಳಲ್ಲಿ ಮೀಟರ್ ಹಿಡಿಯದೆ ನಾನು ಯಾವ ಪೈಪಿಗೂ ಆಂಟೆನಾ ಕಟ್ಟಲಿಲ್ಲ. ಅದು ಕಸುಬಿನ ಪಾಠ, ಯಾವ ಪುಸ್ತಕದಲ್ಲಾದರೂ ಸಿಕ್ಕೀತು. ಆ ಮನೆ ನನಗೆ ಕಲಿಸಿದ್ದು ಇನ್ನೊಂದು. ಯಾರಾದರೂ ಹೀಗಾಗುತ್ತದೆ ಎಂದು ದೂರಿದರೆ, ಅವರು ಹೇಳಿದ ಹೊತ್ತಿಗೇ ಹೋಗಿ, ಅವರು ನಿಂತ ಜಾಗದಲ್ಲಿ, ಅವರು ನಿಂತ ಹಾಗೆಯೇ ನಿಂತು ಅಳೆದು ನೋಡಬೇಕು. ಅಲ್ಲಿಯವರೆಗೆ ಏನೂ ಇಲ್ಲ ಎನ್ನುವ ಅಧಿಕಾರ ನಮಗಿಲ್ಲ.