ಹುರುಳಿಯ ಮೇಲೆ ನಿಂತ ಕಾರು

ಜ್ಯಾಕನ್ನು ಪೂರ್ತಿ ಇಳಿಸಿ ನೆಲಕ್ಕಿಟ್ಟರೆ ಅದರ ತಲೆ ನನ್ನ ಅಂಗೈ ಅಗಲದಷ್ಟು ಎತ್ತರಕ್ಕೆ ಬರುತ್ತದೆ. ಕಾರಿನ ಹೊಟ್ಟೆ ಅದಕ್ಕಿಂತ ಒಂದು ಬೆರಳು ಕೆಳಗಿದೆ.

ಅಂದರೆ ಕಾರೆತ್ತುವ ಜ್ಯಾಕು ಕಾರಿನಡಿಗೆ ಹೋಗಬೇಕಾದರೆ ಮೊದಲು ಯಾರಾದರೂ ಕಾರನ್ನು ಎತ್ತಿ ಹಿಡಿಯಬೇಕು.

ಕಾರು ನನ್ನದೇ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ, ಮೈಸೂರಿನಲ್ಲಿ ಯಾರೋ ಬಳಸಿ ಸಾಕೆನಿಸಿ ಮಾರಿದ ಸ್ಪೋರ್ಟ್ಸ್ ಕಾರು. ಕೊಳ್ಳೇಗಾಲದಂಥ ಊರಿನಲ್ಲಿ ಇಂಥ ಕಾರು ಯಾಕೆ ಎಂದು ಕೇಳಬೇಡಿ. (ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಯಾವುದೂ ಪೂರ್ತಿ ನಿಜವಲ್ಲ.) ಬೀದಿಯಲ್ಲಿ ಮಗ್ಗದ ಸದ್ದು ನಿಲ್ಲಿಸಿ ಜನ ಹೊರಗೆ ಬಂದು ನೋಡುವ ಕಾರು, ಯಾರ ಕಣ್ಣಿಗೂ ಬೀಳದೆ ಇರಲು ಬಯಸುವವಳ ಕೈಗೆ ಬಂತು. ಅಷ್ಟೇ.

ಈ ಕಾರಿಗೆ ಸ್ಟೆಪ್ನಿ ಇಲ್ಲ. ಇಡಲು ಜಾಗವೂ ಇಲ್ಲ. ಕಂಪನಿಯವರು ಅದರ ಬದಲು ಒಂದು ಬಾಟಲಿ ದ್ರಾವಣ ಮತ್ತು ಗಾಳಿ ತುಂಬುವ ಪುಟ್ಟ ಪಂಪು ಕೊಟ್ಟಿದ್ದಾರೆ. ಟೈರಿನೊಳಗೆ ದ್ರಾವಣ ಬಿಟ್ಟರೆ ತೂತು ತಾನೇ ಮುಚ್ಚಿಕೊಳ್ಳುತ್ತದಂತೆ. ನಾನು ಅಷ್ಟಕ್ಕೆ ನೆಮ್ಮದಿಯಾಗುವವಳಲ್ಲ. ಹೊಸದೊಂದು ಗಿಡ್ಡ ಜ್ಯಾಕು ತರಿಸಿದೆ, ಚಕ್ರ ಬಿಚ್ಚಿ ಬಸ್ಸಿನಲ್ಲಿ ಹಾಕಿಕೊಂಡಾದರೂ ಪಂಕ್ಚರ್ ಅಂಗಡಿಗೆ ಹೋಗಬಹುದೆಂದು. ಅದೇ ಮೇಲೆ ಹೇಳಿದ ಜ್ಯಾಕು. ಅದರ ಒಂದು ಬೆರಳಿನ ಕೊರತೆ ತುಂಬಲು ಎರಡು ಹಲಗೆ ಬೇಕಾಯಿತು. ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿದರೆ ಹೊಟ್ಟೆ ಅಷ್ಟು ಮೇಲೇಳುತ್ತದೆ. ನಮ್ಮ ಬೀದಿಯಲ್ಲಿ ಮಗ್ಗದ ಕೆಲಸ ಮಾಡುವ ಬಡಗಿ, ಒಂದು ತುದಿಯನ್ನು ತೆಳ್ಳಗೆ ಇಳಿಜಾರಾಗಿ ಹೆರೆದು ಕೊಟ್ಟರು. ಇದು ಯಾವ ಹೊಸ ಮಗ್ಗದ ಭಾಗ ಎಂದು ಕೇಳಿದರು. ಕಾರಿನದು ಎಂದೆ.

ಕೈಗವಸು, ಟಾರ್ಚು, ರಸ್ತೆಯಲ್ಲಿ ನಿಲ್ಲಿಸುವ ಕೆಂಪು ತ್ರಿಕೋನ, ಯಳಂದೂರಿನಲ್ಲಿ ಕಾರು ಹೊತ್ತೊಯ್ಯುವ ಗಾಡಿ ಇಟ್ಟಿರುವವರ ನಂಬರು. ಎಲ್ಲವೂ ಆಯಿತು. ಮನೆ ಮುಂದೆ ಚಕ್ರ ಬಿಚ್ಚಿ ಹಾಕುವುದನ್ನೂ ಅಭ್ಯಾಸ ಮಾಡಿದೆ. ಅಮ್ಮ ಜಗುಲಿಯಲ್ಲಿ ಕೂತು ನೋಡುತ್ತಿದ್ದರು.

"ಮದುವೆಗೆ ಮೊದ್ಲೇ ಡೈವೋರ್ಸ್‌ಗೆ ತಯಾರಿ ಮಾಡ್ಕೊಂಡಂಗಿದೆ ಕಣೇ ಇದು" ಎಂದರು.

ಅಮ್ಮನಿಗೆ ಒಂದು ವಿಷಯದಿಂದ ಇನ್ನೊಂದಕ್ಕೆ ಹೋಗಲು ದಾರಿ ಬೇಕಾಗುವುದಿಲ್ಲ.

ಹೋದ ಭಾನುವಾರ ಹನೂರು ದಾಟಿ ಬಂಡಳ್ಳಿ ಕಡೆಗೆ ಹೊರಟಿದ್ದೆ. (ಯಾಕೆ ಎಂಬುದು ಇಲ್ಲಿ ಬೇಡ.) ಮಧ್ಯಾಹ್ನದ ಬಿಸಿಲು. ರಸ್ತೆಯ ಎಡಗಡೆಯ ಅರ್ಧಕ್ಕೆ ಉದ್ದಕ್ಕೂ ಹುರುಳಿ ಹರಡಿತ್ತು. ಬಳ್ಳಿ ಸಮೇತ, ಮೊಣಕಾಲೆತ್ತರ.

ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕೊಯ್ದು ತಂದ ಹುರುಳಿಯನ್ನು ಡಾಂಬರು ರಸ್ತೆಗೆ ಹರಡುತ್ತಾರೆ. ಹೋಗಿ ಬರುವ ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಅದರ ಮೇಲೆ ಹಾದು ಕಾಯಿ ಒಡೆದು ಕಾಳು ಬಿಡಿಸುತ್ತವೆ. ಹಿಂದೆ ಊರಿಗೊಂದು ಕಣವಿತ್ತು, ಉರುಳುಗಲ್ಲಿತ್ತು. ಈಗ ಕಣವೆಲ್ಲ ಸೈಟು. ರಸ್ತೆಯೇ ಕಣ. ಇದು ತಪ್ಪಲ್ಲವೇ? ತಪ್ಪೇ. ಹುರುಳಿಯ ಮೇಲೆ ಬೈಕು ಜಾರಿ ಕೈ ಮುರಿದುಕೊಂಡ ಸಹೋದ್ಯೋಗಿಯೊಬ್ಬರು ನಾನು ಪಾಠ ಮಾಡುವ ಕಾಲೇಜಿನಲ್ಲೇ ಇದ್ದಾರೆ. ಆದರೆ ಅವರೂ ಮನೆಗೆ ತರುವುದು ರಸ್ತೆಯಲ್ಲಿ ಒಕ್ಕಿದ ಹುರುಳಿಯನ್ನೇ.

ನಾನು ಅದರ ಮೇಲೆ ಹೋಗಲಿಲ್ಲ. ನೆಲಕ್ಕಂಟಿದ ಕಾರಿನಡಿ ಒಣಗಿದ ಬಳ್ಳಿ ಸಿಕ್ಕಿ, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡ ಸುದ್ದಿ ಓದಿದ್ದೆ. ಜೊತೆಗೆ ಬೇರೆಯವರ ಬೆಳೆಯನ್ನು ತುಳಿಯಬಾರದು ಎಂಬ ಸಭ್ಯತೆಯೂ ಇತ್ತು. ಎದುರಿಗೆ ಟ್ರ್ಯಾಕ್ಟರು ಬಂತು. ಬಲಕ್ಕೆ ಹೋಗುವಂತಿಲ್ಲ. ಹುರುಳಿ ಶುರುವಾಗುವ ಮೊದಲೇ ಎಡಕ್ಕೆ, ಅದರಾಚೆಯ ಮಣ್ಣಿನಂಚಿಗೆ ಸರಿದೆ.

ಬೆಳೆ ಚರಂಡಿಗೆ ಜಾರದಿರಲೆಂದು ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಬಳ್ಳಿ ಮುಚ್ಚಿದ್ದರಿಂದ ಕಾಣಲಿಲ್ಲ. ಟೈರಿನ ಪಕ್ಕೆ ಸೀಳಿತು. ಸ್ಟಿಯರಿಂಗು ಎಳೆಯಿತು. ಯಾವುದರ ಮೇಲೆ ಹೋಗಬಾರದು ಎಂದುಕೊಂಡಿದ್ದೆನೋ ಅದರ ಮೇಲೆಯೇ ಹೋಗಿ ನಿಂತೆ.

ಮುಂದಕ್ಕೆ ತೆಗೆಯಲು ನೋಡಿದೆ. ಹಿಂದಿನ ಚಕ್ರ ಗಿರ್ರನೆ ತಿರುಗಿತು, ಕಾರು ಕದಲಲಿಲ್ಲ. ಹೊಟ್ಟೆ ಬಳ್ಳಿಯ ಮೇಲೆ ಕೂತುಬಿಟ್ಟಿತ್ತು, ಚಕ್ರದಡಿ ಕಾಳು. ಹುರುಳಿ ಮಾತ್ರ ಹಿಂದಕ್ಕೆ ಹಾರಿ ಚರಂಡಿಗೆ ಬಿತ್ತು.

ಹೊಂಗೆ ಮರದಡಿಯಿಂದ ಒಬ್ಬ ಹೆಂಗಸು ಎದ್ದು ಬಂದರು. ಐವತ್ತರ ಆಸುಪಾಸು, ಸೊಂಟಕ್ಕೆ ಸೆರಗು. ಹುರುಳಿ ಅವರದು. ಹೆಸರು ಮಾದೇವಮ್ಮ ಎಂದು ಆಮೇಲೆ ತಿಳಿಯಿತು. ಹಿಂದೆ ಅವರ ಮೈದುನ ಸಿದ್ದರಾಜು. ಬೈಗುಳಕ್ಕೆ ಸಿದ್ಧಳಾಗಿ ಇಳಿದೆ. (ಈ ಕಾರಿನಿಂದ ಇಳಿಯುವುದು ಎಂದರೆ ಏಳುವುದು.)

"ಎಲ್ರೂವೆ ಮೇಲೇ ಓಯ್ತಾವ್ರೆ. ನೀನ್ಯಾಕವ್ವಾ ಪಕ್ಕುಕ್ಕೋದೆ?" ಮಾದೇವಮ್ಮ ಕೇಳಿದರು. ಬೈಗುಳವಲ್ಲ. ನಿಜವಾಗಿ ಅರ್ಥವಾಗದವರ ಪ್ರಶ್ನೆ.

ತುಳಿಯಬಾರದೆಂದು ಪಕ್ಕಕ್ಕೆ ಹೋದೆ ಎಂದೆ. ತುಳಿಯಲೆಂದೇ ಹರಡಿದವರಿಗೆ ಇದನ್ನು ಹೇಳುವಾಗ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿತು.

ಸಿದ್ದರಾಜು ಬಗ್ಗಿ ಕಿಟಕಿಯೊಳಗೆ ನೋಡಿ, "ಇದ್ರಲ್ಲಿ ಕೂತ್ಕಬೇಕೊ, ಮನಿಕಬೇಕೊ?" ಎಂದರು.

ನಾನು ನನ್ನ ತಯಾರಿಗೆ ಶುರುಮಾಡಿದೆ. ಕೆಂಪು ತ್ರಿಕೋನವನ್ನು ಹುರುಳಿ ಶುರುವಾಗುವ ಜಾಗದಲ್ಲಿ, ಸರಿಯಾದ ದೂರದಲ್ಲಿ ನಿಲ್ಲಿಸಿದೆ. ಅದನ್ನು ನೋಡಿದ ಗಾಡಿಗಳೆಲ್ಲ ಶಿಸ್ತಾಗಿ ಬಲಕ್ಕೆ ಸರಿದು ಖಾಲಿ ಡಾಂಬರಿನ ಮೇಲೆ ಹೋಗತೊಡಗಿದವು. ಬಸ್ಸು, ಅದರ ಹಿಂದೆ ಟೆಂಪೊ, ಅದರ ಹಿಂದೆ ಇನ್ನೊಂದು ಟೆಂಪೊ. ಹುರುಳಿಯ ಕಡೆ ಒಂದೂ ಬರಲಿಲ್ಲ.

ಸಿದ್ದರಾಜು ಆಗ ಹೇಳಿದರು. ಆವತ್ತು ಬಂಡಳ್ಳಿಯಲ್ಲಿ ದೊಡ್ಡ ಬೀಗರೂಟ. ಹನೂರಿನಿಂದ, ಕೊಳ್ಳೇಗಾಲದಿಂದ ಜನ ತುಂಬಿಕೊಂಡು ಗಾಡಿಗಳು ಬರುತ್ತವೆ, ಉಂಡು ಇನ್ನೂ ಭಾರವಾಗಿ ವಾಪಸು ಹೋಗುತ್ತವೆ. ಆ ಲೆಕ್ಕ ಹಾಕಿಯೇ ಹುರುಳಿಯನ್ನು ಇದೇ ದಿನಕ್ಕೆಂದು ಒಣಗಿಸಿಟ್ಟುಕೊಂಡು ಬೆಳಿಗ್ಗೆ ಹರಡಿದ್ದರು. ಉಳಿದ ದಿನ ಈ ರಸ್ತೆಯಲ್ಲಿ ಓಡಾಡುವುದು ಬೈಕುಗಳು.

ಬೇರೆಯವರ ಮನೆಯ ಬೀಗರೂಟಕ್ಕೆ ಒಕ್ಕಣೆಯ ಮುಹೂರ್ತ ಇಡುವವರನ್ನು ನಾನು ಮೊದಲ ಸಲ ನೋಡಿದೆ. ನೋಡುವ ಹೊತ್ತಿಗೆ ಆ ಮುಹೂರ್ತವನ್ನು ಕೆಡಿಸಿಯೂ ಆಗಿತ್ತು.

ಮಾದೇವಮ್ಮ ಹೋಗಿ ತ್ರಿಕೋನವನ್ನು ಮಡಚಿ, ಬಹಳ ಜೋಪಾನವಾಗಿ ನನ್ನ ಕೈಗೆ ಕೊಟ್ಟರು. ಆದರೂ ಪ್ರಯೋಜನವಾಗಲಿಲ್ಲ. ಮಧ್ಯದಲ್ಲಿ ಕಾರೇ ನಿಂತಿತ್ತಲ್ಲ?

ಆಮೇಲೆ ದ್ರಾವಣ. ಪಕ್ಕೆ ಸೀಳಿದ ಟೈರಿಗೆ ಅದು ನಿಲ್ಲುವುದಿಲ್ಲ ಎಂದು ಬಾಟಲಿಯ ಮೇಲೇ ಬರೆದಿದೆ. ಓದಿದ್ದೆ. ಆದರೂ ಹಾಕಿದೆ. ಏನಾದರೊಂದು ಮಾಡುತ್ತಿರುವಂತೆ ಕಾಣಬೇಕಿತ್ತು. ಪಂಪು ಶುರುವಾದ ಕೂಡಲೇ ಸೀಳಿನಿಂದ ಬೆಳ್ಳಗಿನ ನೊರೆ ಉಕ್ಕಿ ಹುರುಳಿಯ ಮೇಲೆ ಸುರಿಯಿತು.

"ಅತ್ಗೆ, ಕಾರು ಆಲು ಕಕ್ತಾ ಅದೆ" ಎಂದರು ಸಿದ್ದರಾಜು.

ಮಾದೇವಮ್ಮ ನಗಲಿಲ್ಲ. ಆ ಕಾಳನ್ನು ತಿನ್ನಬಹುದಾ ಎಂದು ಕೇಳಿದರು. ಬಾಟಲಿಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿದೆ. ತಿನ್ನಬಾರದು, ದನಕ್ಕೂ ಹಾಕಬಾರದು ಎಂದೆ. ಅವರು ಮೊರ ತಂದು ನೊರೆ ಬಿದ್ದ ಹುರುಳಿಯನ್ನೆಲ್ಲ ಬಾಚಿ, ದೂರ ಒಯ್ದು, ಒಂದು ಗುಂಡಿಗೆ ಸುರಿದು ಮಣ್ಣು ಎಳೆದರು. ನಾನು ನೋಡುತ್ತ ನಿಂತಿದ್ದೆ.

ಯಳಂದೂರಿಗೆ ಫೋನು ಮಾಡಿದೆ. ಗಾಡಿ ಇನ್ನೊಂದು ಕಡೆ ಹೋಗಿದೆ, ಸಾಯಂಕಾಲವಾಗುತ್ತದೆ ಎಂದರು. ಅಷ್ಟರಲ್ಲಿ ಬೆಟ್ಟದ ಕಡೆ ಮೋಡ ಕಟ್ಟಿ ಕತ್ತಲಾಗಿತ್ತು. ತಮಿಳುನಾಡಿನ ಕಡೆ ಗಾಳಿ ಎದ್ದರೆ ನಮಗೆ ಸುಗ್ಗಿಯಲ್ಲೂ ಮಳೆ.

ನೆನೆದರೆ ಹುರುಳಿ ಕಪ್ಪಾಗುತ್ತದೆ, ಮೊಳೆಯುತ್ತದೆ. ರಸ್ತೆಯ ಮೇಲೆ ನೀರು ಹರಿದರೆ ಉದುರಿದ ಕಾಳು ಅದರ ಜೊತೆ ಹೋಗುತ್ತದೆ. ಚೆನ್ನಾಗಿ ಒಕ್ಕಿದ್ದ ಭಾಗ ಯಾವುದು? ಬೆಳಗಿನಿಂದ ಬಸ್ಸುಗಳು ತುಳಿದಿದ್ದ ಮಧ್ಯದ ಭಾಗ. ಅದರ ಮೇಲೆ ನನ್ನ ಕಾರಿತ್ತು.

"ಬಿತ್ನುಕ್ಕೂ ಇದೇ ಕಣವ್ವ, ಉಣ್ಣಾಕೂ ಇದೇ. ಬೇರೆ ಮಡಗಿಲ್ಲ" ಎಂದರು ಮಾದೇವಮ್ಮ. ಮೋಡ ನೋಡಿಕೊಂಡು ಹೇಳಿದರು, ನನ್ನನ್ನು ನೋಡಿಕೊಂಡಲ್ಲ.

ಬೀಗರೂಟದಿಂದ ಬರುತ್ತಿದ್ದ ಟೆಂಪೊ ಒಂದು ನಿಂತಿತು. ಉಂಡ ಹುಮ್ಮಸ್ಸಿನ ಗಂಡಸರು ಇಳಿದು ಕಾರನ್ನು ಎತ್ತಿಯೇಬಿಡುತ್ತೇವೆ ಎಂದರು. ಎಲ್ಲಿ ಹಿಡಿಯುವುದು? ಕೆಳಗೆ ಬೆರಳೇ ಹೋಗುವುದಿಲ್ಲ, ಇನ್ನು ನನ್ನ ಜ್ಯಾಕು ಎಲ್ಲಿಂದ ಹೋಗಬೇಕು? ಮೇಲೆ ಹಿಡಿದರೆ ಪ್ಲಾಸ್ಟಿಕ್ ಲಟಕ್ಕೆನ್ನುತ್ತದೆ. ಆಳಿಗೊಂದು ಸಲಹೆ ಕೊಟ್ಟರು. ಒಬ್ಬರು ನನ್ನ ಕಾರಿನ ಮೈಲೇಜು ವಿಚಾರಿಸಿದರು.

"ಕಾರೆತ್ತೋದು ಆಮ್ಯಾಲಾಯ್ತದೆ. ಮೊದ್ಲು ಉಳ್ಳಿ ಎಳ್ಕಳನ" ಎಂದು ಮಾದೇವಮ್ಮ ನೆಲಕ್ಕೆ ಕೂತರು. ಕೈ ಒಳಗೆ ಹಾಕಹೊರಟವರನ್ನು ತಡೆದೆ. ಸೈಲೆನ್ಸರು ಇನ್ನೂ ಕಾದಿತ್ತು. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತು. ಬಡಗಿ ಹೆರೆದ ಹಲಗೆಗಳನ್ನು ತೆಗೆದೆ. ತೆಳ್ಳಗಿನ ತುದಿ ಬಳ್ಳಿಯಡಿಗೆ ಸಲೀಸಾಗಿ ಹೋಯಿತು. ನಾನು ರಸ್ತೆಗೆ ಮಲಗಿ ಒಂದು ಪಕ್ಕದಿಂದ ತಳ್ಳಿದೆ, ಅವರು ಇನ್ನೊಂದು ಪಕ್ಕದಿಂದ ಎಳೆದರು. ಸಿದ್ದರಾಜು ಮತ್ತು ಟೆಂಪೊದವರು ಉಳಿದದ್ದನ್ನು ಗುಡ್ಡೆ ಹಾಕಿದರು. ಬಳ್ಳಿ ಬಂತು, ಕಾಯಿ ಬಂತು, ಕೊನೆಗೆ ಕಾಳು. ಕಾರು ಸದ್ದಿಲ್ಲದೆ ಕೆಳಗಿಳಿದು ತನ್ನ ಚಕ್ರದ ಮೇಲೆ ಕೂತಿತು. ಆಮೇಲೆ ಅದನ್ನು ಪಕ್ಕಕ್ಕೆ ತಳ್ಳಲು ಹೆಚ್ಚು ಜನ ಬೇಕಾಗಲಿಲ್ಲ.

ಟಾರ್ಪಾಲು ಎಳೆದು ಕಲ್ಲು ಹೇರುವಾಗ ಹನಿ ಬಿತ್ತು. ಸ್ವಲ್ಪ ನೆನೆಯಿತು. ಬಹುಪಾಲು ಉಳಿಯಿತು.

ಟೆಂಪೊದವರು ಹೊರಟ ಮೇಲೆ ಮಳೆಯಲ್ಲಿ ನಾವು ಮೂವರೂ ಹೊಂಗೆ ಮರದಡಿ ನಿಂತೆವು. (ಕಾರಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ಯಾರನ್ನು ಕರೆಯುವುದು?) ತ್ರಿಕೋನ, ಬಾಟಲಿ, ಪಂಪು ಎಲ್ಲ ನನ್ನ ಕಾಲ ಬಳಿ ಇದ್ದವು. ಇಷ್ಟು ದಿನ ನಾನು ಮಾಡಿಕೊಂಡ ತಯಾರಿಯಲ್ಲಿ ರಸ್ತೆಯ ಮೇಲೆ ಇದ್ದದ್ದು ನಾನೊಬ್ಬಳೇ. ಟೈರು ನನ್ನದು, ತೊಂದರೆ ನನ್ನದು, ಉಪಾಯ ನನ್ನದು. ಅದೇ ರಸ್ತೆಯಲ್ಲಿ ಇನ್ನೊಬ್ಬರ ಇಡೀ ವರ್ಷ ಹರಡಿಕೊಂಡಿರಬಹುದು ಎಂದು ಯಾವ ಕಿಟ್ಟಿನಲ್ಲೂ ಬರೆದಿರುವುದಿಲ್ಲ. ನಾವು ಮಾಡಿಸುವ ಇನ್ಶೂರೆನ್ಸು, ಹಾಕಿಸುವ ಗೇಟು, ತುಂಬಿಡುವ ಟ್ಯಾಂಕಿ, ಇವುಗಳಲ್ಲಿ ಪಕ್ಕದವರು ಎಷ್ಟರಲ್ಲಿ ಬರುತ್ತಾರೆ?

ಹಾಳಾದ ಹುರುಳಿಗೆ ದುಡ್ಡು ಕೊಡುತ್ತೇನೆಂದೆ. ಕೊಡು ಎಂದು ಮಾದೇವಮ್ಮ ತೆಗೆದುಕೊಂಡರು. ಅದರಲ್ಲಿ ನಾಟಕವಿರಲಿಲ್ಲ.

"ಅದಾಯ್ತು. ಇನ್ನು ಅರ್ದಕ್ಕರ್ದ ಕಾಯಿ ಒಡ್ದಿಲ್ವಲ್ಲವ್ವ. ಬೀಗ್ರೂಟ ಮುಗ್ದೋಯ್ತು. ನಾಳೀಕೆ ಯಾರು ತುಳಿತಾರೆ?"

ನಾನು ಪರ್ಸು ಮುಚ್ಚಿದೆ.

ಯಳಂದೂರಿನ ಗಾಡಿ ಸಂಜೆ ಬಂತು. ಕಾರು ಅದರ ಮೇಲೇರಿ ಹೋಯಿತು. ಈ ಅಳತೆಯ ಟೈರು ಮೈಸೂರಿನಿಂದ ಬರಬೇಕು, ಯಾವಾಗ ಎಂದು ಹೇಳಲಾಗದು ಎಂದರು. ನಾನು ಹನೂರಿನಿಂದ ಬಸ್ಸು ಹಿಡಿದು ಮನೆ ಸೇರಿದೆ. ನಡೆದದ್ದನ್ನು ಅಮ್ಮನಿಗೆ ಎಷ್ಟು ಬೇಕೋ ಅಷ್ಟು ಹೇಳಿದೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ, ರೇಷ್ಮೆ ನೂಲು ಸಾಗಿಸುವ ಚಿಕ್ಕಪ್ಪನ ವ್ಯಾನು ಕೇಳಿ ತೆಗೆದುಕೊಂಡೆ. ಖಾಲಿ ವ್ಯಾನು ಹಗುರ, ಕಾಯಿ ಒಡೆಯುವುದಿಲ್ಲ. ಅಮ್ಮ, ಚಿಕ್ಕಮ್ಮ, ಎದುರು ಮನೆಯವರು, ಅವರ ಅತ್ತೆ, ಎಲ್ಲರನ್ನೂ ಹತ್ತಿಸಿಕೊಂಡೆ. ಎಲ್ಲಿಗೆ ಎಂದರು. ಬಂಡಳ್ಳಿ ರಸ್ತೆಗೆ ಎಂದೆ. ಬಿಸಿಲು ಏರುವ ಹೊತ್ತಿಗೆ ಮಾದೇವಮ್ಮ ಟಾರ್ಪಾಲು ತೆಗೆದು ಹುರುಳಿ ಹರಡಿದರು. ನಾನು ಪಕ್ಕಕ್ಕೆ ಸರಿಯಲಿಲ್ಲ. ಅದರ ಮೇಲೆಯೇ ಹೋದೆ, ತಿರುಗಿಸಿಕೊಂಡು ಬಂದೆ, ಮತ್ತೆ ಹೋದೆ.